ಅವ್ವನ ಕರಡಿ ಕಥೆ

ಮುಚ್ಚಿದ ಬಾಗಿಲ ಹಿಂದಿನಿಂದ ಮತ್ತೆ ಆ ನಗು, ಅಭಿರಾಮನ ಮೀಟಿಂಗಿನ ನಗು, ಮನೆಯವರಿಗೆಂದು ಬೇರೆಯದೊಂದು ಇಟ್ಟುಕೊಂಡಿದ್ದಾನೆ, ಚಿಕ್ಕದು, ಮೂಗಿನಲ್ಲೇ ಮುಗಿದುಹೋಗುವಂಥದ್ದು — ಬೆಡ್‌ರೂಮು ಅವನ ಆಫೀಸು, ಬಾಗಿಲಿರುವ ಆಫೀಸು, ಸೌದಾಮಿನಿಯ ಪಾಲಿಗೆ ಡೈನಿಂಗ್ ಟೇಬಲ್ಲು, ಒಂದು ಮಗ್ಗುಲಿಗೆ ಲ್ಯಾಪ್‌ಟಾಪು, ಇನ್ನೊಂದು ಮಗ್ಗುಲಿಗೆ ಮಗಳು ಅರ್ಧ ತಿಂದು ಬಿಟ್ಟ ಉಪ್ಪಿಟ್ಟು, ವೀಸಾ ನನ್ನ ಕೆಲಸದ್ದು ನೋಡು, ಅದು ಹೋದ್ರೆ ಎಲ್ರೂ ಹೋದ್ವಿ ಅಂದಿದ್ದ ಮಾರ್ಚಿನಲ್ಲಿ, ಕೊರೋನಾಕ್ಕೆ ಹೆದರಿ ಊರೆಲ್ಲ ಬಾಗಿಲು ಹಾಕಿದ ವಾರ, ಅವಳೂ ಹೂಂ ಎಂದಿದ್ದಳು, ಎರಡು ವಾರದ ಮಾತು ತಾನೆ ಎಂದು. ಎರಡು ವಾರವಂತೆ. ಆಗ ಈ ಪರದೇಶದ ಊರು ಎವರ್‌ಗ್ರೀನಿನ ಗುಡ್ಡಗಳು ಹಸಿರಾಗಿದ್ದವು, ಈಗ ಒಣಗಿ ಹುರಿಗಡಲೆಯ ಬಣ್ಣಕ್ಕೆ ಬಂದಿವೆ, ಡೇಕೇರಿನವರು ಇನ್ನೂ ಈಮೇಲು ಕಳಿಸುತ್ತಲೇ ಇದ್ದಾರೆ, ಮಕ್ಕಳನ್ನು ತುಂಬ ಮಿಸ್ ಮಾಡಿಕೊಳ್ಳುತ್ತಿದ್ದೇವೆ ಎಂದು, ಮಾಡಿಕೊಳ್ಳಲಿ, ಅವರಪ್ಪನ ಗಂಟೇನು ಹೋಗುತ್ತದೆ. ಇಯರ್‌ಫೋನು ಒಂದೇ ಕಿವಿಗೆ, ಅಲ್ಲಿ ಯಾರೋ ರಿಲೀಸಿನ ತಾರೀಖು ಹೇಳುತ್ತಿದ್ದಾರೆ, ಇನ್ನೊಂದು ಕಿವಿ ಮಗುವಿಗೆ — ಮ್ಯಾನೇಜರಮ್ಮ ಮೊದಮೊದಲು ನಿಹಾರಿಕಾ ಪರದೆಗೆ ಮುಖ ಹಾಕಿದರೆ ಹೌ ಕ್ಯೂಟ್ ಅನ್ನುತ್ತಿದ್ದಳು, ಜೂನಿನ ಹೊತ್ತಿಗೆ ಆ ಕ್ಯೂಟು ಹಳಸಿತು, ಈಗ ಮಗುವಿನ ದನಿ ಕೇಳಿದರೆ ಮಾತು ನಿಲ್ಲಿಸಿ ಸುಮ್ಮನೆ ಕಾಯುತ್ತಾಳೆ, ಬೈದಿದ್ದರೆ ವಾಸಿಯಿತ್ತು.

ಹತ್ತಕ್ಕೆ ಅವ್ವನಿಗೆ ಕಾಲ್ ಮಾಡಬೇಕು, ಬೆಳಗ್ಗೆ ಅಭಿರಾಮ್ ಕಾಫಿ ಹೀರುತ್ತ ಅಪ್ಪಣೆ ಕೊಡಿಸಿದ್ದಾನೆ, ಈ ವಾರ ನಂಗೆ ಉಸಿರಾಡಕ್ಕೂ ಟೈಮಿಲ್ಲ, ಅತ್ತೇನೇ ಮತ್ತೆ ಕೂರಿಸು, ಈ ಸಲ ಒಂದು ಲೋಟ ಕಾಫಿ ಕುಡಿದು ಕೂತ್ಕೊಳ್ಳಕ್ಕೆ ಹೇಳು — ತಮಾಷೆಯಂತೆ, ಅವಳು ಕಾವಲಿಯ ಮೇಲಿನ ದೋಸೆಯನ್ನೇ ನೋಡುತ್ತಿದ್ದಳು, ಅದು ಸೀಯಿತು, ಸೀದದ್ದನ್ನೇ ಅವನ ತಟ್ಟೆಗೆ ಹಾಕಿದಳು, ಅವನು ಫೋನು ನೋಡುತ್ತ ತಿಂದ. ಬಾಣಂತನಕ್ಕೆ ವಿಮಾನದಲ್ಲಿ ಬಂದಿದ್ದ ಅವ್ವ ಈ ವರ್ಷ ಟ್ಯಾಬಿನಲ್ಲಿ ಬಂದಿದ್ದಳು, ಇಲ್ಲಿ ಬೆಳಗಾದರೆ ಗದಗಿನಲ್ಲಿ ರಾತ್ರಿ, ತಮ್ಮ ಶಿವರಾಜ, ಅವನ ಹೆಂಡತಿ ಮಕ್ಕಳು ಎಲ್ಲ ಮಲಗಿದ ಮೇಲೆ ಅವ್ವ ಪಡಸಾಲೆಯಲ್ಲಿ ಅವಲಕ್ಕಿ ಡಬ್ಬಿಗೆ ಫೋನು ಒರಗಿಸಿ ಕೂರುತ್ತಿದ್ದಳು, ಇತ್ತ ಟೇಬಲ್ಲಿನ ತುದಿಗೆ ನೀರಿನ ಜಗ್ಗಿಗೆ ಒರಗಿಸಿದ ಟ್ಯಾಬು, ಅದರ ಮುಂದೆ ನಿಹಾರಿಕಾ, ಹೀಗೆ ಸಾವಿರಾರು ಮೈಲಿಯಾಚೆಯಿಂದ ಮಗು ಕಾಯುವ ಕೆಲಸ, ಇಲ್ಲಿ ಕನ್ನಡದ ಮನೆಗಳಲ್ಲೆಲ್ಲ ಇದೇ, ಕೆಳಗಿನ ಮನೆ ಪ್ರಣೀತಾಳ ಮಗನಿಗೆ ಮಂಗಳೂರಿನಿಂದ ಮಗ್ಗಿ ಬರುತ್ತದೆ. ಅವ್ವನದು ಕರಡಿ ಕಥೆ. ಕರಡಿ ಬರುವ ಹೊತ್ತಿಗೆ ಕಣ್ಣು ಅಗಲ ಮಾಡಿ, ಬಾಯಿ ಇಷ್ಟು ತೆರೆದು, ಎರಡೂ ಕೈ ಮೇಲೆತ್ತಿ ಗಾಳಿಗೆ ಬಡಿಯುತ್ತಿದ್ದಳು, ನಿಹಾರಿಕಾ ಕಿರುಚಿ ಸೋಫಾದ ಹಿಂದೆ ಓಡುತ್ತಿದ್ದಳು, ಒಂದೇ ಕರಡಿ ದಿನಕ್ಕೆ ಎಷ್ಟು ಸಲ ಬಂದರೂ ಅಷ್ಟೇ ಓಟ, ಸೌದಾಮಿನಿ ಬಾಲ್ಯದಲ್ಲಿ ಓಡಿದ್ದೂ ಆ ಕರಡಿಗೇ ಹೆದರಿ.

ಅವ್ವನನ್ನು ಕೂರಿಸುವುದು ನಿಂತುಹೋದ ಆವತ್ತೂ ಕರಡಿಯೇ ಬಂತು ಅಂದುಕೊಂಡಳು. ಅಭಿರಾಮ್ ಬಾಗಿಲು ತೆರೆದು ಬಂದದ್ದು, ತುಟಿಗೆ ಬೆರಳಿಟ್ಟು ಹುಬ್ಬು ಗಂಟಿಕ್ಕಿದ್ದು, ಟ್ಯಾಬಿನ ಅಂಚನ್ನು ಒಂದೆರಡು ಸಲ ಒತ್ತಿ ಮತ್ತೆ ಒಳಹೋಗಿ ಬಾಗಿಲು ಹಾಕಿಕೊಂಡದ್ದು, ಇದೆಲ್ಲ ಕಣ್ಣಿನ ಓರೆಯಲ್ಲಿ ಕಂಡಿತ್ತು, ಸದ್ದು ಸ್ವಲ್ಪ ತಗ್ಗಿಸಿದ, ತಗ್ಗಿಸಿಕೊಳ್ಳಲಿ, ಅವಳ ಸರದಿ ಬಂದಿತ್ತು, ಸ್ಲೈಡು ಹಾಕಿ ಮಾತಾಡಬೇಕಿತ್ತು, ಮಾತಾಡುತ್ತ ಒಮ್ಮೆ ಟ್ಯಾಬಿನತ್ತ ನೋಡಿದಳು, ಅವ್ವನ ಬಾಯಿ ಅಷ್ಟಗಲ ತೆರೆದಿತ್ತು, ಕೈಗಳು ಗಾಳಿಗೆ ಬಡಿಯುತ್ತಿದ್ದವು, ಬಂತು ಕರಡಿ — ಅವ್ವನನ್ನೇ ನೋಡಿ ನಕ್ಕಳು, ನಕ್ಕು ಸ್ಲೈಡಿಗೆ ಮರಳಿದಳು. ಮುಂದಿನ ಸ್ಲೈಡಿಗೆ ಬಂದಾಗಲೂ ಅದೇ ಕರಡಿ, ಕರಡಿ ಇಷ್ಟು ಹೊತ್ತು ಇರುವುದಿಲ್ಲವಲ್ಲ, ಅವ್ವನ ಮುಖ ಒದ್ದೆ, ಅವ್ವ ಫೋನಿಗೇ ಹೊಡೆಯುತ್ತಿದ್ದಾಳೆ, ತಿರುಗಿದಳು, ಬಾಲ್ಕನಿಯ ಗಾಜಿನ ಬಾಗಿಲು ತೆರೆದಿದೆ, ಕಂಬಿಗೆ ಆನಿಸಿ ಆಟದ ಸ್ಟೂಲು, ಕಂಬಿಯ ಮೇಲೆ ಮಗುವಿನ ಹೊಟ್ಟೆ, ಕಾಲು ನೆಲದ ಮೇಲಿಲ್ಲ, ಕೆಳಗೆ ಯಾರದೋ ನಾಯಿಗೆ ಹಾಯ್ ಡಾಗೀ ಅನ್ನುತ್ತಿದೆ. ಹೇಗೆ ಓಡಿದಳೋ ನೆನಪಿಲ್ಲ, ಫ್ರಾಕು ಮುಷ್ಟಿಯೊಳಗಿದ್ದದ್ದು ನೆನಪಿದೆ, ಆಮೇಲೆ ಬಂದು ಕೂತು ಸಾರಿ ಎಂದು ಹೇಳಿ, ಮಗುವನ್ನು ತೊಡೆಯ ಮೇಲೆ ಒತ್ತಿ ಹಿಡಿದು, ಉಳಿದ ಸ್ಲೈಡುಗಳನ್ನೂ ಮುಗಿಸಿದಳು. ಮುಗಿಸಿದಳು! ಥ್ಯಾಂಕ್ಸ್, ವೆರಿ ಕ್ಲಿಯರ್, ಅಂದರು.

ನಿಮ್ಮಮ್ಮ ನಿದ್ದೆ ಹೋಗಿರ್ಬೇಕು, ವಯಸ್ಸಾಯ್ತಲ್ಲ, ಅವರದ್ದೂ ತಪ್ಪಲ್ಲ ಬಿಡು ಅಂದ ಸಂಜೆ ಅಭಿರಾಮ್, ತಪ್ಪು ಹೊರಿಸಿದ್ದೂ ಅವನೇ, ಕ್ಷಮಿಸಿದ್ದೂ ಅವನೇ, ಅಷ್ಟರಲ್ಲಿ ಅವಳು ಟ್ಯಾಬು ನೋಡಿಯಾಗಿತ್ತು, ಸದ್ದು ತಗ್ಗಿರಲಿಲ್ಲ, ಪೂರಾ ಸತ್ತಿತ್ತು. ಆಮೇಲೆ ಶಿವರಾಜ ಫೋನು ಮಾಡಿದ, ಅಕ್ಕಾ, ಅವ್ವ ಒದರಿದ್ದಕ್ಕ ಓಣಿ ಮಂದಿ ಕಳ್ಳರು ಬಂದಾರಂತ ಬಡಿಗಿ ಹಿಡ್ಕೊಂಡು ಬಂದ್ರು, ನಿನಗ ಕೇಳಿಸ್ಲಿಲ್ಲೇನು. ಗದಗಿನ ಓಣಿಗೆ ಕೇಳಿಸಿತು, ಒಂದು ಮೊಳದಾಚೆ ಕೂತವಳಿಗೆ ಕೇಳಿಸಲಿಲ್ಲ. ಅಳಿಯ ಅಂದದ್ದು ಕೇಳಿ ಅವ್ವ ಫೋನು ಕಸಿದುಕೊಂಡು ಹೇಳಿದ್ದು ಇಷ್ಟೇ, ನಾ ತೂಕಡಿಸಿದ್ನಿ ಅಂತನ ಇರಲಿ ಬಿಡವಾ, ನನ್ನ ಮ್ಯಾಲೆ ಹಾಕ್ರಿ, ನಾ ಇಲ್ಲಿರಾಕಿ, ನೀವಿಬ್ರು ಒಂದ ಮನ್ಯಾಗ ಇರಾವ್ರು. ಅವಳು ಅವ್ವನ ಮೇಲೆ ಹಾಕಿಯೇಬಿಟ್ಟಳು, ಯಾಕೆಂದರೆ ಅವನ ಬೆರಳಿನ ಮಾತು ತೆಗೆದರೆ ಇವಳ ನಗುವಿನ ಮಾತೂ ಬರುತ್ತದೆ, ನೋಡಿಯೂ ನಕ್ಕವಳು ಯಾರು, ಅವ್ವ ಆ ನಗುವನ್ನು ಕಂಡಿದ್ದಾಳೆ, ಶಿವರಾಜನಿಗೂ ಹೇಳಿಲ್ಲ, ಮಗಳಿಗೂ ಹೇಳಿಲ್ಲ — ಹೆತ್ತ ಕರುಳು ಅನ್ನುತ್ತಾರೆ, ಅವ್ವನಿಗೆ ಹೆತ್ತ ಕರುಳಿತ್ತು, ಇವಳಿಗೆ ಸ್ಲೈಡು.

ಹತ್ತಾಯಿತು. ಬಾಲ್ಕನಿ ಬಾಗಿಲಿನ ಹಳಿಗೆ ಈಗ ಕೋಲು ಅಡ್ಡ ಬಿದ್ದಿದೆ, ಟ್ಯಾಬಿನ ಸದ್ದು ಪೂರ್ತಿ ಏರಿಸಿದಳು, ಅವ್ವ ಬಂದಳು, ಮುಖ ತೊಳೆದು ಕುಂಕುಮ ಇಟ್ಟುಕೊಂಡಿದ್ದಾಳೆ, ಸಂದರ್ಶನಕ್ಕೆ ಬಂದವಳ ಹಾಗೆ, ನಿಹಾರಿಕಾ ಓಡಿ ಬಂದು ಅಜ್ಜೀ, ಡೂ ದ ಬೇರ್ ಅಂದಳು, ಕರಡಿ ಬ್ಯಾಡ ಪುಟ್ಟಾ, ಮೊಲದ ಕಥಿ ಹೇಳ್ತೀನಿ ಅಂದಳು ಅವ್ವ. ಸದ್ದಿಗೋ ನೀರಿಗೋ ಬಾಗಿಲು ತೆರೆದು ಅಭಿರಾಮ್ ಬಂದ, ಟ್ಯಾಬಿಗೆ ಬಗ್ಗಿ, ಏನತ್ತೆ, ಕಾಫಿ ಆಯ್ತಾ, ನಿದ್ದೆ ಬರಲ್ಲ ತಾನೆ ಅಂದ, ಅವ್ವ ನಕ್ಕಳು, ಇಲ್ರೀ ಅಳಿಯಂದ್ರ, ಚಾ ಕುಡದೀನಿ, ಇವತ್ತ ಮಲಗಂಗಿಲ್ರೀ. ಮಾತು ನಾಲಗೆಯ ತುದಿಗೆ ಬಂತು, ಅವರು ಆವತ್ತೂ ಮಲಗಿರಲಿಲ್ಲ, ಮೂರೇ ಪದ, ಬಾಯಿ ತೆರೆದಳು, ಕಿವಿಯೊಳಗೆ ಮ್ಯಾನೇಜರಮ್ಮ ಅವಳ ಹೆಸರು ಕರೆದಳು, ಎಸ್, ಐ ಆಮ್ ಹಿಯರ್ ಅಂದಳು, ಅಭಿರಾಮ್ ಲೋಟಕ್ಕೆ ನೀರು ತುಂಬಿಕೊಂಡು ಹೋದ, ಬಾಗಿಲು ಹಾಕಿಕೊಂಡಿತು.

ಮೊಲ ಹುಲ್ಲು ತಿಂತು, ಆಮ್ಯಾಲೆ ನೀರು ಕುಡೀತು, ಅವ್ವ ಹೇಳುತ್ತಿದ್ದಾಳೆ, ಅಜ್ಜಿ ಯು ಆರ್ ಬೋರಿಂಗ್ ಅನ್ನುತ್ತಿದೆ ಮಗು, ನಿಜ, ಇದೆಂಥ ಕಥೆ, ಕಣ್ಣು ಅಗಲವಾಗುವುದಿಲ್ಲ, ದನಿ ಏರುವುದಿಲ್ಲ, ಮೈಗೆ ಹುಷಾರಿಲ್ಲವೇನೋ, ಸೌದಾಮಿನಿ ಪರದೆಯನ್ನು ಸರಿಯಾಗಿ ನೋಡುತ್ತಾಳೆ, ಅವ್ವನ ಎರಡು ಕೈಗಳೂ ಮಡಿಲಲ್ಲಿ, ಒಂದರ ಮೇಲೊಂದು, ಒತ್ತಿ ಹಿಡಿದುಕೊಂಡಂತೆ, ಮೊಲ ಓಡಿದರೂ ಏಳವು, ನರಿ ಬಂದರೂ ಏಳವು — ಏಳಿಸುವುದಿಲ್ಲ ಅವಳು, ಎದ್ದರೆ ಇನ್ನೊಮ್ಮೆ ಮಗಳು ಕಥೆಯೆಂದುಕೊಂಡಾಳು ಎಂದು, ಇನ್ನು ಆ ಕೈ ಏಳುವುದಿದ್ದರೆ ನಿಜಕ್ಕೆ ಮಾತ್ರ ಏಳಬೇಕೆಂದು, ಅಷ್ಟಕ್ಕಾಗಿ ಕರಡಿಯನ್ನೇ ಬಿಟ್ಟುಬಿಟ್ಟಿದ್ದಾಳೆ, ಕಿವಿಯೊಳಗೆ ತಾರೀಖು, ಮೊಲ ಬಿಲದೊಳಗ ಹೋತು, ಅವ್ವ ಅಲುಗದೆ ಕೂತಿದ್ದಾಳೆ, ಆದರೆ ಇವಳಿಗೆ ಕಾಣುವುದು ಅದಲ್ಲ, ಆವತ್ತಿನದು, ಅವ್ವನ ಬಾಯಿ ತೆರೆದಿದೆ, ಕೈಗಳು ಗಾಳಿಗೆ ಬಡಿಯುತ್ತಿವೆ, ಸದ್ದಿಲ್ಲ, ಇವಳು ನೋಡುತ್ತಾಳೆ, ನಗುತ್ತಾಳೆ, ಬಾಯಿ ತೆರೆದಿದೆ, ಇವಳು ನಗುತ್ತಾಳೆ