ಹತ್ತೊಂಬತ್ತು ಮೀಟರ್ ಆಚೆ

ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಹನ್ನೊಂದು ಕೋಳಿ ಸತ್ತು ಬಿದ್ದಿದ್ದವು. ಅವಳು ಅಳುತ್ತಲೇ ಪಶುವೈದ್ಯರಿಗೆ ಫೋನ್ ಮಾಡಿದಳು. ತಾನಾಗಿ ಸತ್ತ ಕೋಳಿಗೆ ಸರ್ಕಾರ ಬಿಡಿಗಾಸೂ ಕೊಡುವುದಿಲ್ಲ. ರೋಗ ಹರಡದಿರಲೆಂದು ಇಲಾಖೆಯವರೇ ಕೊಂದ ಕೋಳಿಗಷ್ಟೇ ಪರಿಹಾರ. ತಡ ಮಾಡಿದಷ್ಟೂ ನಷ್ಟ.

ಹಕ್ಕಿಜ್ವರವೆಂದು ಖಚಿತವಾಯಿತು. ಅವಳ ಶೆಡ್ಡಿನ ಸುತ್ತ ಒಂದು ಕಿಲೋಮೀಟರಿನೊಳಗಿನ ಕೋಳಿಗಳನ್ನೆಲ್ಲ ಕೊಲ್ಲಲು ಆದೇಶ ಬಂತು. ಎಲ್ಲರ ಮುಖ ಬಾಡಿದರೆ ಅವಳ ಸೋದರಮಾವನ ಮುಖ ಅರಳಿತು. ದರ್ಜಿ ಕೆಲಸ ಬಿಟ್ಟು ಹೋದ ವರ್ಷವಷ್ಟೇ ಕೋಳಿ ಸಾಕಣೆಗೆ ಇಳಿದವನು ಅವನು. ಅವನ ನಾನೂರು ಕೋಳಿಗಳು ಒಂದೂವರೆ ತಿಂಗಳಿಂದ ತಿನ್ನುವುದೊಂದನ್ನು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಪರಿಹಾರದ ಪಟ್ಟಿಯಲ್ಲಾದರೋ ಮೊಟ್ಟೆ ಇಡುವುದಕ್ಕೂ ಇಡದಿರುವುದಕ್ಕೂ ಒಂದೇ ದರ!

ವೈದ್ಯರು ಅವನ ಮುಂದೆ ನಕ್ಷೆ ಬಿಡಿಸಿದರು. "ನಿಮ್ಮ ಶೆಡ್ ಗಡಿಯಿಂದ ಹತ್ತೊಂಬತ್ತು ಮೀಟರ್ ಆಚೆ ಇದೆ. ನಿಮ್ಮ ಕೋಳಿ ಉಳ್ಕೊಂಡ್ವು. ಖುಷಿಪಡಿ."

"ಎಂಥಾ ಖುಷಿ ಸಾರ್! ಮೂವತ್ತು ವರ್ಷ ಟೇಪ್ ಹಿಡಿದ ಕೈ ಇದು. ಹತ್ತೊಂಬತ್ತು ಮೀಟರ್ ಏನು ಮಹಾ? ಒಂಚೂರು ಒಳಗೆ ಹೊಲಿಗೆ ಹಾಕಿದ್ರೆ ಆಯ್ತು."

ವೈದ್ಯರು ಜಗ್ಗಲಿಲ್ಲ. ಮಧ್ಯಾಹ್ನ ಮಾವ ಎರಡು ಕಂಕುಳಲ್ಲೂ ಒಂದೊಂದು ಕೋಳಿ ಇಟ್ಟುಕೊಂಡು ಗಡಿಯ ಕಡೆ ಹೊರಟಿದ್ದಾಗ ಅವರ ಜೀಪು ಎದುರಾಯಿತು.

"ಎಲ್ಲಿಗೆ?"

"ವಾಕಿಂಗ್ ಸಾರ್. ಕೂತು ಕೂತು ಪಾಪ ಕಾಲು ಹಿಡ್ಕೊಂಡಿದೆ."

"ಗಡಿಯೊಳಗೆ ಕಾಲಿಟ್ರೆ ಪರಿಹಾರ ಅಲ್ಲ, ಕೇಸ್ ಬೀಳುತ್ತೆ."

ವಾಕಿಂಗ್ ಅಲ್ಲಿಗೇ ಮುಗಿಯಿತು.

ಆ ಸಂಜೆ ಅವಳ ಶೆಡ್ ಖಾಲಿಯಾಯಿತು. ಪರಿಹಾರವೇನೋ ಪೂರ್ತಿ ಬಂತು. ಆದರೆ ಮೌನಕ್ಕೆ ಅವಳು ಒಗ್ಗಿಕೊಳ್ಳಲಿಲ್ಲ. ನಿರ್ಬಂಧ ತೆಗೆದ ದಿನವೇ ಕೋಳಿ ಸದ್ದು ಕೇಳಬೇಕೆನಿಸಿ ಮಾವನ ಶೆಡ್ಡಿಗೆ ಹೋದಳು. ಒಂದು ಕೋಳಿಯನ್ನು ಎತ್ತಿ ಕತ್ತಿನ ಪುಕ್ಕ ಸರಿಸಿ ನೋಡಿದಳು.

"ಮಾವ, ಇವು ಪುಕ್ಕ ಉದುರಿಸಿ ಹೊಸದು ಬಿಡ್ತಾ ಇದ್ದಾವೆ. ಈ ಹೊತ್ತಲ್ಲಿ ಯಾವ ಕೋಳಿನೂ ಮೊಟ್ಟೆ ಇಡಲ್ಲ. ಗೊತ್ತಿಲ್ವಾ?"

"ದುಂಡು ಹೊಟ್ಟೆ ನೋಡಿ ಸೋಮಾರಿಗಳು ಅಂದ್ಕೊಂಡಿದ್ದೆ..."

ಅವಳು ಮೇವು ಬದಲಿಸಿದಳು. ಎರಡು ವಾರಕ್ಕೆ ಬುಟ್ಟಿ ತುಂಬತೊಡಗಿತು. ಸುತ್ತಮುತ್ತ ಬೇರೆ ಕೋಳಿಯೇ ಇಲ್ಲದ್ದರಿಂದ ಅಂಗಡಿಯವನೇ ಬಾಗಿಲಿಗೆ ಬಂದ.

ಮಾವ ಗಂಟಲು ಸರಿಪಡಿಸಿಕೊಂಡ. "ನಿನ್ನ ಶೆಡ್ ಶುರುವಾಗೋವರೆಗೆ ಮೊಟ್ಟೆಯಲ್ಲಿ ಅರ್ಧ ನಿಂದು. ಕೆಲಸ ನೀನು ನೋಡ್ಕೋ, ಮೇಲ್ವಿಚಾರಣೆ ನಾನು ನೋಡ್ಕೋತೀನಿ."

ಅವಳು ಗೊಬ್ಬರ ಎತ್ತುವ ಸಲಿಕೆಯನ್ನು ಅವನ ಕೈಗಿಟ್ಟಳು.