ಅನುಭವೀ ಶಿಕ್ಷಕರಿಂದ

"ಅಲ್ಲಾ ಮೇಡಂ, ಲೋಕದ ಬಚ್ಚಲ ಬಾಗಿಲನ್ನೆಲ್ಲ ಒಬ್ಬನೇ ಬಡಗಿ ಮಾಡಿದ್ನಾ?" ಎನ್ನುತ್ತ ಪಕ್ಕದ ಕುರ್ಚಿಯ ಮೇಷ್ಟ್ರು ತಮ್ಮ ಕೈಯಲ್ಲಿದ್ದ ಉತ್ತರಪತ್ರಿಕೆಯನ್ನು ಟೀಚರ್ ಕಡೆಗೆ ತಿರುಗಿಸಿದರು. "ಓದಿ ನೋಡಿ. ಬೆಳಗ್ಗೆಯಿಂದ ಇದು ಹನ್ನೊಂದನೇದು."

ಟೀಚರ್ ಓದಬೇಕಾಗಿರಲಿಲ್ಲ. ಅವರ ಮುಂದಿದ್ದ ಕಟ್ಟಿನಲ್ಲೂ ಅದೇ ಇತ್ತು. 'ಹೃದಯದ ಕವಾಟ ನಮ್ಮ ಮನೆಯ ಬಚ್ಚಲ ಬಾಗಿಲಿನ ಹಾಗೆ. ಹೊರಗಿನಿಂದ ನೂಕಿದರೆ ತೆರೆಯುತ್ತದೆ, ಒಳಗಿನಿಂದ ನೂಕಿದರೆ ಇನ್ನಷ್ಟು ಬಿಗಿಯಾಗುತ್ತದೆ. ಆದ್ದರಿಂದ ರಕ್ತ ಹಿಂದಕ್ಕೆ ಬರುವುದಿಲ್ಲ.'

"ಉತ್ತರ ಸರಿಯಿದೆಯಲ್ಲ, ಕೊಟ್ಟುಬಿಡಿ."

"ಕೊಡ್ತೀನಪ್ಪ, ನನ್ನ ಗಂಟೇನು ಹೋಗುತ್ತೆ. ಯಾವುದೋ ಗೈಡು ಉರು ಹೊಡೆದು ಬಂದಿದಾವೆ ಎಲ್ಲ. ಬರೆದ ಪುಣ್ಯಾತ್ಮನ ಮನೆ ಬಚ್ಚಲು ನೋಡಬೇಕು ಅನ್ನೋ ಆಸೆ ಬಂದಿದೆ ನನಗೆ."

ಟೀಚರ್ ನಗಲಿಲ್ಲ. ಆ ಬಚ್ಚಲು ಅವರ ಮನೆಯದು. ಮಳೆ ಬಂತೆಂದರೆ ಉಬ್ಬುವ ಆ ಬಾಗಿಲನ್ನು ಈ ದಿನ ಬೆಳಗ್ಗೆಯೂ ಭುಜಕೊಟ್ಟು ನೂಕಿ ಬಂದಿದ್ದರು.

ಶಾಲೆಯ ಸಭಾಂಗಣದಲ್ಲಿ ನಲವತ್ತು ಜನ ಕೂತು ಹತ್ತನೇ ತರಗತಿಯ ವಿಜ್ಞಾನದ ಪತ್ರಿಕೆ ತಿದ್ದುತ್ತಿದ್ದರು. ಅದು ಮೂರನೆಯ ದಿನ. ಮೊದಲ ದಿನದ ಹರಟೆ ಅಡಗಿ ಈಗ ಹಾಳೆ ಮಗುಚುವ ಸದ್ದು, ಫ್ಯಾನಿನ ಕಿರುಗುಟ್ಟುವಿಕೆ, ಆಗೀಗ ಯಾರದೋ ಆಕಳಿಕೆ ಮಾತ್ರ ಉಳಿದಿದ್ದವು. ಟೀಚರಿಗೆ ಬೆನ್ನು ಸೆಟೆದಿತ್ತು, ತೋರುಬೆರಳಿಗೆ ಕೆಂಪು ಮಸಿ ಹತ್ತಿತ್ತು. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು.

ಗೈಡು ಬರೆದದ್ದು ಹೋದ ವರ್ಷ. ಪಠ್ಯಪುಸ್ತಕದ ಭಾಷೆ ಮಕ್ಕಳಿಗೆ ಗಂಟಲಲ್ಲಿ ಇಳಿಯುವುದಿಲ್ಲವೆಂದು ಮೂವತ್ತು ವರ್ಷದಿಂದ ಗೊಣಗುತ್ತಲೇ ಇದ್ದವರು. ಪ್ರಕಾಶಕನೊಬ್ಬ ಬಂದು, "ಹಾಗಾದ್ರೆ ನೀವೇ ಬರೆದುಕೊಡಿ, ಹೆಸರು ಹಾಕೋದಿಲ್ಲ" ಎಂದಾಗ ಒಪ್ಪಿಕೊಂಡಿದ್ದರು. ಸರ್ಕಾರಿ ಶಿಕ್ಷಕರು ಗೈಡು ಬರೆಯಬಾರದೆಂಬ ನಿಯಮವಿತ್ತು. ಆದ್ದರಿಂದ ರಕ್ಷಾಪುಟದ ಮೇಲೆ 'ಅನುಭವೀ ಶಿಕ್ಷಕರಿಂದ' ಎಂದಷ್ಟೇ ಅಚ್ಚಾಯಿತು. ಒಂದೊಂದು ಪಾಠವನ್ನೂ ಅವರು ಎದುರಿಗೆ ಮಗುವನ್ನು ಕೂರಿಸಿಕೊಂಡ ಹಾಗೆ ಬರೆದಿದ್ದರು.

ಬಾಗಿಲಿನ ವಿಷಯ ಮೊದಲ ದಿನ ಕಣ್ಣಿಗೆ ಬಿದ್ದಾಗ ಒಳಗೊಳಗೇ ಖುಷಿಯಾಗಿದ್ದೂ ನಿಜ. ಚಿತ್ರದ ಪ್ರಶ್ನೆಗೆ ಬಂದಾಗ ಆ ಖುಷಿ ಕರಗಿತು.

'ಹೃದಯದ ಚಿತ್ರ ಬರೆದು ನಾಲ್ಕು ಭಾಗಗಳನ್ನು ಗುರುತಿಸಿ.' ನಾಲ್ಕು ಅಂಕ. ಎದುರಿಗೆ ನಿಂತವರ ಹೃದಯವನ್ನು ನೋಡಿದಂತೆ ಆ ಚಿತ್ರ ಬರೆಯುವುದು ವಾಡಿಕೆ. ಹಾಗಾಗಿ ಬಲ ಹೃತ್ಕರ್ಣ ಹಾಳೆಯ ಎಡಕ್ಕೆ ಬರುತ್ತದೆ, ಎಡ ಹೃತ್ಕರ್ಣ ಬಲಕ್ಕೆ. ಮೊದಲ ದಿನ ಕೆಲವರು ಅದನ್ನು ಅದಲುಬದಲು ಬರೆದಿದ್ದರು. ಮಕ್ಕಳು, ಗಾಬರಿಯಲ್ಲಿ ತಪ್ಪಿರಬೇಕು ಎಂದುಕೊಂಡು ಟೀಚರ್ ಸೊನ್ನೆ ಹಾಕಿದ್ದರು. ಎಡ ಬಲ ತಪ್ಪಿದರೆ ಸೊನ್ನೆಯೇ ಹಾಕಬೇಕೆಂದು ಮುಖ್ಯ ಪರೀಕ್ಷಕರೂ ಹೇಳಿದ್ದರು. ಎರಡನೆಯ ದಿನ ಅಂಥವು ಹೆಚ್ಚಾದವು. ಈ ದಿನ ಒಂದು ಪತ್ರಿಕೆಯಲ್ಲಿ ಮಹಾಪಧಮನಿಯ ತುದಿಗೆ ಸಣ್ಣದೊಂದು ಸುರುಳಿ ಎಳೆದದ್ದು ಕಂಡಿತು. ಅದು ಯಾವ ಪುಸ್ತಕದಲ್ಲೂ ಇಲ್ಲದ ಸುರುಳಿ. ಬೋರ್ಡಿನ ಮೇಲೆ ಚಿತ್ರ ಬರೆದು ಮುಗಿಸುವಾಗ ಸುಮ್ಮನೆ ಹಾಗೆ ಎಳೆಯುವುದು ಟೀಚರ್ ಕೈಯ ಚಾಳಿ.

ಆಗ ಎಲ್ಲ ನೆನಪಾಯಿತು. ಅವರು ಗೈಡಿಗೆ ಬರೆದುಕೊಟ್ಟ ಚಿತ್ರ ಸರಿಯಾಗಿಯೇ ಇತ್ತು. ಅಚ್ಚಿನ ಕರಡು ಬಂದಾಗ ಅವರು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. ಒಳಗೆ ಯಜಮಾನರು ಮಲಗಿದ್ದರು. ಮಿದುಳಿನ ಬಲಗಡೆ ಪೆಟ್ಟಾಗಿದೆ, ಅದಕ್ಕೇ ಎಡಗೈ ಬಿದ್ದಿದೆ ಎಂದು ಡಾಕ್ಟರು ಆಗಷ್ಟೇ ಹೇಳಿ ಹೋಗಿದ್ದರು. ಆ ವಾರವೆಲ್ಲ ಟೀಚರಿಗೆ ಎಡ ಯಾವುದು ಬಲ ಯಾವುದು ಎಂಬುದರ ಮೇಲೇ ನಂಬಿಕೆ ತಪ್ಪಿತ್ತು. ಕರಡಿನ ಚಿತ್ರ ನೋಡಿ, ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು, ಅಯ್ಯೋ ಉಲ್ಟಾ ಆಗಿದೆಯಲ್ಲ ಎಂದು ಸರಿಯಾಗಿದ್ದ ಹೆಸರುಗಳನ್ನು ತಿದ್ದಿ ಕಳಿಸಿದ್ದರು.

ಮುಂದಿನ ಪತ್ರಿಕೆ ತೆಗೆದರು. ಗುಂಡಗಿನ, ಒತ್ತಿ ಬರೆದ ಅಕ್ಷರ. 'ಪುಸ್ತಕದಲ್ಲಿ ಬಚ್ಚಲ ಬಾಗಿಲಿನ ಹಾಗೆ ಎಂದಿದೆ. ನಮ್ಮ ಬಚ್ಚಲಿಗೆ ಬಾಗಿಲಿಲ್ಲ, ಪರದೆ ಇದೆ. ಪರದೆ ಎರಡೂ ಕಡೆ ಹೋಗುತ್ತದೆ, ಆದ್ದರಿಂದ ಅದು ಕವಾಟವಲ್ಲ. ಸೈಕಲ್ ಟ್ಯೂಬಿನ ವಾಲ್ವ್ ಕವಾಟ. ಗಾಳಿ ಒಳಗೆ ಹೋಗುತ್ತದೆ, ತಾನಾಗಿ ಹೊರಗೆ ಬರುವುದಿಲ್ಲ.'

ಟೀಚರ್ ಅದನ್ನು ಎರಡು ಸಲ ಓದಿದರು. ಹಾಳೆ ತಿರುವಿದರೆ ಹೃದಯದ ಚಿತ್ರ. ಗೆರೆ ಚೊಕ್ಕ, ತುದಿಯಲ್ಲಿ ಸುರುಳಿ, ಎಡ ಬಲ ಅದಲುಬದಲು. ಬೇರೆ ಉತ್ತರಗಳು ಅರ್ಧಂಬರ್ಧ. ಭೌತಶಾಸ್ತ್ರಕ್ಕೆ ಹೇಳಿಕೊಟ್ಟವರೇ ಇರಲಿಲ್ಲವೇನೋ. ಕೂಡಿದರೆ ಮೂವತ್ತಮೂರು. ಪಾಸಾಗಲು ಮೂವತ್ತೈದು ಬೇಕು. ಪೆನ್ಸಿಲ್ಲಿನಲ್ಲಿ ಮೂವತ್ತಮೂರು ಎಂದು ಬರೆದು, ಆ ಪತ್ರಿಕೆಯನ್ನು ಬೇರೆಯಾಗಿ ಇಟ್ಟರು.

ಮಧ್ಯಾಹ್ನ ಜಗಲಿಯ ತುದಿಗೆ ಹೋಗಿ ಮನೆಗೆ ಫೋನು ಮಾಡಿದರು.

"ಊಟ ಆಯ್ತಾ?" ಎಂದರು ಯಜಮಾನರು. ಅವರ ಮಾತು ಈಗಲೂ ಸ್ವಲ್ಪ ಎಳೆಯುತ್ತಿತ್ತು. "ಯಾಕೆ, ದನಿ ಒಂಥರಾ ಇದೆ?"

"ಆ ಗೈಡಲ್ಲಿ ತಪ್ಪು ಮಾಡಿದೀನಿ ಕಣ್ರೀ."

"ದೊಡ್ಡದಾ?"

"ಮುಷ್ಟಿಯಷ್ಟು."

"ತಿದ್ದೋಕಾಗುತ್ತಾ?"

"ಗೈಡು ಬರೆದದ್ದು ನಾನು ಅಂತ ಒಪ್ಕೋಬೇಕಾಗುತ್ತೆ. ಆಮೇಲೆ ಪಿಂಚಣಿ, ವಿಚಾರಣೆ, ಏನೇನೋ."

"ಒಂದು ವರ್ಷ ನನ್ನ ಎಡಗೈ ಆಗಿದ್ದೆಯಲ್ಲೇ," ಎಂದರು ಅವರು. "ಈಗ ನಂದು ಚಮಚ ಹಿಡಿಯುತ್ತೆ. ನಡೀತದೆ ಬಿಡು. ಮೊದಲು ಊಟ ಮಾಡು."

ಮುಖ್ಯ ಪರೀಕ್ಷಕರು ಟೀಚರಿಗಿಂತ ಹತ್ತು ವರ್ಷ ಚಿಕ್ಕವರು, ಮಾತು ಕಡಿಮೆ. ಟೀಚರ್ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪಠ್ಯಪುಸ್ತಕದಲ್ಲಿ ಚಿತ್ರ ಸರಿಯಾಗಿದೆ ಮೇಡಂ. ಮಕ್ಕಳು ಅದನ್ನ ನೋಡಬೇಕಿತ್ತು."

"ಅದನ್ನ ನೋಡಿ ಅರ್ಥ ಆಗೋ ಮಕ್ಕಳು ಗೈಡು ಯಾಕೆ ತಗೋತಿದ್ರು ಸಾರ್? ಚಿತ್ರಕ್ಕೆ ಎರಡು, ಹೆಸರಿಗೆ ಎರಡು ಅಂತ ತಾನೇ ಪ್ರಶ್ನೆಯ ಲೆಕ್ಕ? ಹೆಸರಿನ ಎರಡು ಹೋಗಲಿ. ಚಿತ್ರ ಚೆನ್ನಾಗೇ ಬರೆದಿದಾರೆ, ಅದನ್ನ ಕೊಡೋಣ."

"ಈಗ ಬದಲಾಯಿಸಿದ್ರೆ ಮುಗಿಸಿದ ಕಟ್ಟುಗಳನ್ನೂ ಬಿಚ್ಚಬೇಕು. ಅದಕ್ಕೆ ಮಂಡಳಿ ಅನುಮತಿ ಬೇಕು. ಇಷ್ಟೊಂದು ಮಕ್ಕಳು ಒಂದೇ ಥರ ಯಾಕೆ ತಪ್ಪು ಮಾಡಿದ್ರು ಅಂತ ಕೇಳ್ತಾರೆ. ಬರಹದಲ್ಲಿ ಕೊಡಬೇಕಾಗುತ್ತೆ." ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನೀವು ಇಲ್ಲಿಗೆ ಬಂದೇ ಇಲ್ಲ ಅಂತಲೂ ನಾನು ಅಂದುಕೋಬಹುದು. ಹದಿನಾಲ್ಕು ತಿಂಗಳು ಕಡಿಮೆಯೇನಲ್ಲ."

ಇವರಿಗೆ ಅದು ಹೇಗೆ ಗೊತ್ತು ಎಂದು ಟೀಚರಿಗೆ ಅನಿಸಿತು. ನಲವತ್ತು ಜನರ ಪಟ್ಟಿಯಲ್ಲಿ ತಮ್ಮದೊಂದು ತಾರೀಕನ್ನು ನೆನಪಿಟ್ಟುಕೊಂಡಿದ್ದಾರಲ್ಲ.

"ಒಂದು ಬಿಳಿ ಹಾಳೆ ಕೊಡಿ," ಎಂದರು.

ಕೆಂಪು ಪೆನ್ನು ಕೈಗೆ ಬಂದಿತ್ತು. ಮುಖ್ಯ ಪರೀಕ್ಷಕರು ತಮ್ಮ ಜೇಬಿನ ನೀಲಿ ಪೆನ್ನನ್ನು ಮುಂದೆ ಹಿಡಿದರು. ಟೀಚರ್ ಐದು ಸಾಲು ಬರೆದು ಕೆಳಗೆ ತಮ್ಮ ಪೂರ್ತಿ ಹೆಸರು ಹಾಕಿದರು. ಆ ಪುಸ್ತಕಕ್ಕೆ ಅವರ ಹೆಸರು ಸೇರಿದ್ದು ಅದೇ ಮೊದಲು.

ಅನುಮತಿ ಬರುವಷ್ಟರಲ್ಲಿ ಮೂರೂವರೆ. ಮುಖ್ಯ ಪರೀಕ್ಷಕರು ಎದ್ದು ನಿಂತು, ಗೈಡೊಂದರಲ್ಲಿ ಚಿತ್ರದ ಎಡ ಬಲ ತಪ್ಪಾಗಿ ಅಚ್ಚಾಗಿರುವ ವಿಷಯ ಹೇಳಿದರು. ಹಳೆಯ ಕಟ್ಟುಗಳೆಲ್ಲ ವಾಪಸ್ ಬರುತ್ತವೆ, ಚಿತ್ರ ಸರಿಯಿದ್ದರೆ ಎರಡು ಅಂಕ ಕೊಡಬೇಕು, ಮುಗಿಯುವವರೆಗೆ ಯಾರೂ ಹೊರಡುವಂತಿಲ್ಲ. ಇಡೀ ಸಭಾಂಗಣ ಒಮ್ಮೆಗೇ ನಿಟ್ಟುಸಿರು ಬಿಟ್ಟಿತು.

"ಐದರ ಬಸ್ಸು ಹೋಯ್ತು," ಎಂದರು ಪಕ್ಕದ ಮೇಷ್ಟ್ರು. "ಯಾವ ಮಹಾರಾಯ ಸಾರ್ ಈ ಗೈಡು ಬರೆದಿದ್ದು? ಅವನ ಬಚ್ಚಲಲ್ಲೇ ಅವನನ್ನ ಕೂಡಿಹಾಕಬೇಕು."

"ನಾನೇ," ಎಂದರು ಟೀಚರ್.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕು, ನಡುವೆಯೇ ನಿಲ್ಲಿಸಿದರು. ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಜವಾನ ಗೋಣಿಚೀಲಗಳನ್ನು ಎಳೆದು ತಂದು ಒಬ್ಬೊಬ್ಬರ ಮುಂದೆ ಅವರವರ ಕಟ್ಟುಗಳನ್ನು ಪೇರಿಸಿದ.

ಟೀಚರ್ ಮೊದಲು ಬೇರೆಯಾಗಿಟ್ಟಿದ್ದ ಪತ್ರಿಕೆಯನ್ನು ಎಳೆದುಕೊಂಡರು. ಚಿತ್ರದ ಪಕ್ಕ ಎರಡು ಹಾಕಿ, ಪೆನ್ಸಿಲ್ಲಿನ ಗುರುತು ಅಳಿಸಿ, ಮೂವತ್ತೈದು ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಬರೆದರು. ಆ ಮೇಲೆ ಮೊದಲ ದಿನದ ಕಟ್ಟಿಗೆ ಕೈ ಹಾಕಿದರು. ದಾರದ ಗಂಟು ಬಿಗಿಯಾಗಿತ್ತು. ಅದನ್ನು ಹಾಕಿದವರು ಅವರೇ. ಉಗುರು ಜಾರಿತು, ಮತ್ತೆ ಜಾರಿತು.

ಮೇಷ್ಟ್ರು ಕಟ್ಟನ್ನು ತಮ್ಮ ಕಡೆಗೆ ಎಳೆದುಕೊಂಡರು. ಬಾಗಿ, ಗಂಟನ್ನು ಹಲ್ಲಿಗೆ ಕೊಟ್ಟು ಸಡಿಲಿಸಿ, ದಾರ ಬಿಡಿಸಿ ವಾಪಸ್ ತಳ್ಳಿದರು.

"ಈ ಕಟ್ಟಿಗೂ ಬಚ್ಚಲ ಬಾಗಿಲನ್ನೇ ಹಾಕಿದ್ದಿರಿ," ಎಂದರು, ಮುಖ ನೋಡದೆ.

ಆ ಮೇಲೆ ಟೀಚರ್ ಮುಂದಿದ್ದ ಎರಡನೆಯ ಕಟ್ಟನ್ನೂ ಎಳೆದುಕೊಂಡರು. ಟೀಚರ್ ಬಿಚ್ಚಿದ ದಾರವನ್ನು ಎರಡು ಬೆರಳಿಗೆ ಸುತ್ತಿ, ಮತ್ತೆ ಕಟ್ಟಲು ಬೇಕಾಗುತ್ತದೆಂದು, ಮಸಿ ಬಾಟಲಿಯ ಪಕ್ಕ ಇಟ್ಟರು.