ಎರಡನೆಯ ಸಲ ಅರಳಿದ ಸೇವಂತಿಗೆ

ಡೆಲ್ಬರ್ಟ್ ಶ್ಯಾಂಕ್ ತಂದು ಮೇಜಿನ ಮೇಲೆ ಇಟ್ಟ ಬಂದೂಕು ಹೊಳೆಯುತ್ತಿತ್ತು. ನನ್ನ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ಯುದ್ಧಕಾಲದಲ್ಲಿ ಜಪಾನಿನ ಕಾರ್ಖಾನೆಯೊಂದರಿಂದ ಹೊರಬಿದ್ದು, ಯಾವನೋ ಸಿಪಾಯಿಯ ಬೆವರು ಕುಡಿದು, ಹಡಗು ಹತ್ತಿ ಬಂದು, ಪೆನ್ಸಿಲ್ವೇನಿಯಾದ ಅಟ್ಟವೊಂದರಲ್ಲಿ ಐವತ್ತು ಚಳಿಗಾಲ ಕಳೆದ ಮರ ಹಾಗೆ ಹೊಳೆಯುವುದಿಲ್ಲ. ಹಾಗೆ ಹೊಳೆಯುವುದು ಹೋಟೆಲಿನ ಊಟದ ಮೇಜು.

ಅದು ೧೯೯೯ರ ಮೇ ತಿಂಗಳ ಒಂದು ಭಾನುವಾರ. ಊರಿನ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಹಳೆಯ ಬಂದೂಕು ಸಂಗ್ರಾಹಕರ ಸಂಘದ ತಿಂಗಳ ಸಂತೆ. ಒಂದು ಮೂಲೆಯಲ್ಲಿ ಚರ್ಚಿನ ಹೆಂಗಸರು ಈರುಳ್ಳಿ, ಬೆಣ್ಣೆ ಹಾಕಿ ಪಿಯೆರೋಗಿ ಎಂಬ ಪೋಲಿಷ್ ಕಡುಬು ಹುರಿಯುತ್ತಿದ್ದರು. ಇನ್ನೊಂದು ಮೂಲೆಯಲ್ಲಿ ನಮ್ಮ ಪರಿಶೀಲನಾ ಸಮಿತಿ. ಸಮಿತಿ ಎಂದರೆ ಇಬ್ಬರು. ಉಕ್ಕಿನ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಲೋಹ ಪರೀಕ್ಷಿಸಿ ನಿವೃತ್ತನಾದ ನಾನು, ಮತ್ತು ಮರದ ವಿಷಯದಲ್ಲಿ ನನಗೆ ಗೊತ್ತಿರುವ ಅತ್ಯುತ್ತಮ ಮೂಗಿನ ಒಡತಿ ಬರ್ನಿಸ್ ಹುಡಾಕ್. ಆಕೆಯ ಗಂಡ ಕುರ್ಚಿ ಮಾಡುತ್ತಿದ್ದ. ಕೆಟ್ಟ ಕುರ್ಚಿಗಳು ಅವನವು, ಒಳ್ಳೆಯವು ಇವಳವು ಎಂದು ಊರೇ ಹೇಳುತ್ತಿತ್ತು.

ನಮ್ಮ ಮುಂದೆ ಬರುವ ಪ್ರತಿಯೊಬ್ಬನೂ ತಾನು ಬಂದೂಕಿಗೆ ಉಪಕಾರ ಮಾಡಿದ್ದೇನೆಂದು ನಂಬಿರುತ್ತಾನೆ. ಒಬ್ಬ ಜಿಂಕೆ ಬೇಟೆಗೆ ಹಗುರವಾಗಲಿ ಎಂದು ಮುಂಭಾಗದ ಮರ ಕತ್ತರಿಸಿರುತ್ತಾನೆ. ಇನ್ನೊಬ್ಬ ಕಾರ್ಖಾನೆಯ ಮುದ್ರೆಗಳೆಲ್ಲ ಮಾಯವಾಗುವ ತನಕ ಉಪ್ಪುಕಾಗದ ತಿಕ್ಕಿರುತ್ತಾನೆ. ಅಜ್ಜಿಯ ಮುಖದ ಸುಕ್ಕುಗಳನ್ನು ಕೀಸುಳಿಯಿಂದ ಹೆರೆದು, ಈಗ ಎಷ್ಟು ಚೆನ್ನಾಗಿ ಕಾಣುತ್ತಾಳೆ ನೋಡಿ ಎನ್ನುವ ಜಾತಿ. ಹಳೆಯ ಬಂದೂಕಿಗೆ ಬೇಕಾದದ್ದು ಒಂದು ಹತ್ತಿಬಟ್ಟೆ, ನಾಲ್ಕು ಹನಿ ಎಣ್ಣೆ. ಉಳಿದ ಹೊತ್ತೆಲ್ಲ ಕೈಗಳು ಜೇಬಿನಲ್ಲಿರಬೇಕು. ಇದನ್ನು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇನೆ. ವಾರ್ನಿಷ್ ಮಾರುವವರಿಗೆ ನನ್ನಿಂದ ಏನೂ ನಷ್ಟವಾಗಿಲ್ಲ.

ಡೆಲ್ಬರ್ಟ್ ಮನೆಗಳಿಗೆ ಸೂರು ಹಾಕಿಸುವ ಗುತ್ತಿಗೆದಾರ. ದೊಡ್ಡ ಮೈ, ದೊಡ್ಡ ಗಂಟಲು. ಅವನ ತಂದೆ ಹೋಮರ್ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದ. ಜಿಲ್ಲೆಯ ಯೋಧರ ಸಂಗ್ರಹಾಲಯದವರು ಹೋಮರನ ಹೆಸರಿಗೆ ಒಂದು ಗಾಜಿನ ಪೆಟ್ಟಿಗೆ ಖಾಲಿ ಇಟ್ಟಿದ್ದರು. ಆದರೆ ನಮ್ಮ ಸಮಿತಿಯ ಪತ್ರವಿಲ್ಲದೆ ಅವರು ಯಾವ ಬಂದೂಕನ್ನೂ ಒಳಗಿಡುವುದಿಲ್ಲ. ಇನ್ನು ಹದಿನೈದು ದಿನಕ್ಕೆ ಯೋಧರ ಸ್ಮರಣೆಯ ದಿನ. ನೆಂಟರಿಗೆಲ್ಲ ಆಹ್ವಾನ ಹೋಗಿತ್ತು. ಡೆಲ್ಬರ್ಟ್ ಹಿತ್ತಾಳೆಯ ಫಲಕವನ್ನೂ ಕೆತ್ತಿಸಿ ತಂದಿದ್ದ: 'ಒಕಿನಾವಾ ಕದನದಲ್ಲಿ ಹೋಮರ್ ಶ್ಯಾಂಕ್ ಶತ್ರುವಿನ ಕೈಯಿಂದ ಕಿತ್ತುಕೊಂಡದ್ದು.'

"ನೋಡಿ ಪ್ರೊಫೆಸರ್ರೇ," ಎಂದ. ನಾನು ಪ್ರೊಫೆಸರ್ ಅಲ್ಲ. ಊರಿನವರು ಅಣಕಕ್ಕೆ ಇಟ್ಟ ಹೆಸರು, ಅಂಟಿಕೊಂಡಿದೆ. "ಹೂವು ಹಂಗೇ ಇದೆ. ಹದಿನಾರು ಎಸಳು. ಎಣಿಸ್ಕೊಳ್ಳಿ ಬೇಕಾದ್ರೆ."

ನಳಿಕೆ ಬಂದು ಸೇರುವ ಉಕ್ಕಿನ ಬಳೆಯ ನೆತ್ತಿಯ ಮೇಲೆ ಜಪಾನಿನ ಚಕ್ರವರ್ತಿಯ ಸೇವಂತಿಗೆ ಇರುತ್ತದೆ. ಜಪಾನೀಯರು ಶರಣಾದ ಮೇಲೆ, ಆಯುಧ ಒಪ್ಪಿಸುವ ಮುನ್ನ, ಆ ಹೂವನ್ನು ಉಜ್ಜಿ ಅಳಿಸಿದರು. ಹಾಗಾಗಿ ಹೂವು ಅಳಿಸಿದ ಬಂದೂಕು ಯುದ್ಧ ಮುಗಿದ ಮೇಲೆ ರಾಶಿಯಿಂದ ಎತ್ತಿಕೊಟ್ಟದ್ದು. ಹೂವು ಉಳಿದಿದ್ದರೆ ಅದಕ್ಕೂ ಮೊದಲೇ ಕೈಗೆ ಸಿಕ್ಕದ್ದಿರಬಹುದು. ಸಂತೆಯಲ್ಲಿ ಕೂತ ಅರ್ಧ ಜನಕ್ಕೆ ಗೊತ್ತಿರುವುದು ಇದೊಂದೇ. ಅಷ್ಟರಿಂದಲೇ ಅವರು ವಿದ್ವಾಂಸರು.

ನಾನು ಎಸಳು ಎಣಿಸಲಿಲ್ಲ. ಉಕ್ಕಿನ ಅಳತೆಪಟ್ಟಿಯನ್ನು ಬಳೆಯ ಮೇಲೆ ಉದ್ದಕ್ಕೆ ಇಟ್ಟು ಕಿಟಕಿಯ ಕಡೆ ಎತ್ತಿ ಹಿಡಿದೆ. ಹೂವು ಇದ್ದ ಕಡೆ ಪಟ್ಟಿಯ ಕೆಳಗಿನಿಂದ ಬೆಳಕು ತೂರಿ ಬಂತು. ಉಜ್ಜಿ ತಗ್ಗಾದ ಜಾಗದಲ್ಲಿ ಈಚೆಗೆ ಯಾರೋ ಯಂತ್ರದಿಂದ ಹೂವು ಕೊರೆದಿದ್ದರು. ಭೂತಗನ್ನಡಿಯಲ್ಲಿ ಎಸಳುಗಳ ಅಂಚು ಹೊಸ ಗರಗಸದ ಹಲ್ಲಿನಂತೆ ಚೂಪಾಗಿತ್ತು.

ಬರ್ನಿಸ್ ಮುಂಭಾಗದ ಲೋಹದ ಪಟ್ಟಿಯನ್ನು ಹಿಂದಕ್ಕೆ ಸರಿಸಿ, ಅದರ ಕೆಳಗಿನ ಮರದ ಮೇಲೆ ಹೆಬ್ಬೆರಳಿನ ಉಗುರು ಆಡಿಸಿದಳು. ಆಮೇಲೆ ಮೂಸಿದಳು.

"ಇಲ್ಲಿ ಗರಗಸ ಹಾಕಿ ಕುಯ್ದಿದ್ರು, ಮರಿ. ಬಿಚ್ಚಿದ ಬಂದೂಕು ಸಿಪಾಯಿ ಚೀಲದೊಳಗೆ ಹಿಡೀಲಿ ಅಂತ. ನಿಮ್ಮಪ್ಪಾನೇ ಕುಯ್ದಿರ್ಬೇಕು, ಓರೆಕೋರೆಯಾಗಿದೆ. ಅದಕ್ಕೆ ಗೋಂದು ತುಂಬಿ ಬಣ್ಣ ಬಳಿದೋನು ಯಾರು?"

"ಒಹಾಯೋದಲ್ಲಿ ಒಬ್ಬ ಇದಾನೆ. ಭಾರಿ ಕೆಲಸಗಾರ."

"ಭಾರಿ ಇರ್ಬೇಕು," ಎಂದೆ. "ಹೂವನ್ನೂ ಬೆಳೆಸ್ತಾನಲ್ಲ."

ಡೆಲ್ಬರ್ಟನ ಕತ್ತು ಕೆಂಪಗಾಯಿತು. ಅವನ ದೊಡ್ಡ ಗಂಟಲು ಎಲ್ಲಿಗೆ ಹೋಯಿತೋ, ಮೇಜಿನತ್ತ ಬಗ್ಗಿ ಪಿಸುಗುಟ್ಟಿದ.

"ಅಪ್ಪ ನಂಗೆ ನಲವತ್ತು ವರ್ಷ ಒಂದೇ ಕತೆ ಹೇಳಿದ್ದು. ಗುಹೆ ಬಾಯಲ್ಲಿ ಒಬ್ಬನ ಕೈಯಿಂದ ಕಿತ್ಕೊಂಡೆ ಅಂತ. ಬಂದೂಕನ್ನ ಮುಟ್ಟೋಕೆ ಬಿಡ್ತಿರ್ಲಿಲ್ಲ. ತೀರ್ಕೊಂಡ್ಮೇಲೆ ಅಟ್ಟದಿಂದ ಇಳಿಸಿ ನೋಡ್ತೀನಿ, ಹೂವಿಲ್ಲ. ನಾನೇನ್ ಮಾಡ್ಲಿ? ನಮ್ಮಪ್ಪ ಸುಳ್ಳುಗಾರ ಅಂತ ಗಾಜಿನ ಪೆಟ್ಟಿಗೇಲಿ ಇಡ್ಲಾ?"

"ಅದಕ್ಕೆ ಸುಳ್ಳನ್ನ ಉಕ್ಕಿನ ಮೇಲೆ ಕೊರೆಸ್ದೆ," ಎಂದೆ.

"ವಾಪಸ್ ಉಜ್ಜಿಸಿಬಿಡ್ತೀನಿ. ನಾಳೇನೇ."

"ಮುಟ್ಟಿದ್ರೆ ನೋಡು," ಎಂದಳು ಬರ್ನಿಸ್. "ನಿಮ್ಮ ಒಹಾಯೋದವನಿಗೆ ಇನ್ನೊಂದು ಸಲ ಕೊಟ್ರೆ ಬರೀ ನಳಿಕೆ ವಾಪಸ್ ಬರುತ್ತೆ."

ನನಗೆ ಅವನ ಮೇಲೆ ಕನಿಕರ ಹುಟ್ಟಲಿಲ್ಲ. ಹುಟ್ಟಿತೆಂದು ಈಗ ಬರೆದರೆ ನಾನೂ ವಾರ್ನಿಷ್ ಹಚ್ಚಿದಂತೆ. ಹೋಮರ್ ಒಕಿನಾವಾದಲ್ಲಿ ನಿಜವಾಗಿ ಕಾದಾಡಿದ್ದ, ಅದು ದಾಖಲೆಯಲ್ಲಿದೆ. ಮರಳುವಾಗ ನೂರಾರು ಜನರಂತೆ ಅವನಿಗೂ ರಾಶಿಯಿಂದ ಒಂದು ಬಂದೂಕು ಕೊಟ್ಟಿರಬೇಕು. ಅಷ್ಟು ಸಾಲದೆ ಗುಹೆಯ ಕತೆ ಕಟ್ಟಿದ. ಮಗನಿಗೆ ಕತೆಯೂ ಸಾಲದಾಯಿತು. ಎರಡು ತಲೆಮಾರಿನಲ್ಲಿ ಆ ಮನೆಯಲ್ಲಿ ಸುಳ್ಳು ಹೇಳದೆ ಇದ್ದದ್ದು, ಗುಂಡು ತುಂಬಲು ಎಳೆಯುವ ಬೋಲ್ಟಿನ ಹಿಡಿಯ ಅಡಿಯಲ್ಲಿದ್ದ ಸಂಖ್ಯೆ ಒಂದೇ. ಅದು ಬಂದೂಕಿನ ಸಂಖ್ಯೆಗೆ ಸರಿಹೊಂದುತ್ತಿತ್ತು. ಒಹಾಯೋದ ಕೆಲಸಗಾರ ಅದನ್ನು ನೋಡಿರಲಾರ, ನೋಡಿದ್ದರೆ ಅದನ್ನೂ ತಿದ್ದುತ್ತಿದ್ದ.

ಆದರೂ ಬಂದೂಕು ಅಸಲಿ, ಯುದ್ಧದಿಂದ ಅದನ್ನು ತಂದವನೂ ಅಸಲಿ. ಸಂಘದ ಕಾಗದ ತೆಗೆದು ಬರೆದೆ, ಬರೆದದ್ದನ್ನು ಅವನಿಗೆ ಓದಿ ಹೇಳಿದೆ.

"ಬಂದೂಕು ಅಸಲಿ. ಬೋಲ್ಟಿನ ಸಂಖ್ಯೆ ಹೊಂದುತ್ತದೆ. ಹೂವನ್ನು ಶರಣಾಗತಿಯ ಹೊತ್ತಿನಲ್ಲಿ ಅಳಿಸಲಾಗಿತ್ತು. ಹೋಮರ್ ಶ್ಯಾಂಕ್ ಇದನ್ನು ಮರ ಕತ್ತರಿಸಿ ಮನೆಗೆ ತಂದರು. ಈಗಿರುವ ಹೂವು, ವಾರ್ನಿಷ್ ಮತ್ತು ಮರದ ಜೋಡಣೆಯನ್ನು ಅವರ ಮಗ ಡೆಲ್ಬರ್ಟ್ ಶ್ಯಾಂಕ್ ಈ ವರ್ಷ ಮಾಡಿಸಿದರು."

"ಇದನ್ನ ಪೆಟ್ಟಿಗೆ ಪಕ್ಕದಲ್ಲಿ ಹಾಕ್ತಾರಾ?"

"ಹಾಕ್ತಾರೆ. ಅದು ಅವರ ನಿಯಮ."

"ನೆಂಟ್ರೆಲ್ಲ ಓದ್ತಾರೆ."

"ಅಕ್ಷರ ಬರೋರು ಓದ್ತಾರೆ."

ಬರ್ನಿಸ್ ನನ್ನನ್ನು ದುರುಗುಟ್ಟಿ ನೋಡಿದಳು. ಡೆಲ್ಬರ್ಟ್ ಕಾಗದವನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಬೆರಳಿಟ್ಟು ನಿಧಾನವಾಗಿ ಓದಿದ.

"ಗುಹೆ ವಿಷಯ ಇದರಲ್ಲಿ ಇಲ್ಲ."

"ಬಂದೂಕು ಗುಹೆ ಬಗ್ಗೆ ಏನೂ ಹೇಳಲ್ಲ. ಬಂದೂಕು ಹೇಳಿದ್ದಷ್ಟೇ ನಾನು ಬರೆಯೋದು."

"ಅಂದ್ರೆ, ಅಪ್ಪ ಸುಳ್ಳು ಹೇಳ್ದ ಅಂತ ಎಲ್ಲೂ ಬಂದಿಲ್ಲ."

"ಇಲ್ಲ."

"ಮೋಸ ಮಾಡ್ದೋನು ನಾನೊಬ್ನೇ ಆಗ್ತೀನಿ."

"ಈ ಕಾಗದದಲ್ಲಿ ನೀನೊಬ್ಬನೇ. ಬೇಡ ಅಂದ್ರೆ ಬಂದೂಕು ಮನೆಗೆ ತಗೊಂಡು ಹೋಗು, ಕಾಗದ ಹರಿದು ಹಾಕ್ತೀನಿ. ಪೆಟ್ಟಿಗೆ ಇನ್ಯಾರಿಗಾದ್ರೂ ಹೋಗುತ್ತೆ."

ಅವನು ಹಿತ್ತಾಳೆಯ ಫಲಕವನ್ನು ಕೋಟಿನ ಜೇಬಿಗೆ ಇಳಿಬಿಟ್ಟ. ಮಾಲೀಕನ ಒಪ್ಪಿಗೆ ಎಂಬ ಗೆರೆ ಕಾಗದದ ಅಡಿಯಲ್ಲಿತ್ತು. ಅವನು ಪೆನ್ನಿಗಾಗಿ ಕೈಚಾಚಿದ. ಕೊಟ್ಟೆ. ಗೆರೆಗೆ ಬರುವ ಮೊದಲು ಅವನ ಕೈ ಕೊನೆಯ ವಾಕ್ಯದ ಮೇಲೆ ನಿಂತಿತು.

"ಶ್ಯಾಂಕ್ ತಪ್ಪು ಬರ್ದಿದೀರಿ. ಇಂಗ್ಲಿಷ್‌ನಲ್ಲಿ ಎಸ್ ಆದ್ಮೇಲೆ, ಎಚ್‌ಗೆ ಮೊದಲು, ಒಂದು ಸಿ ಬರುತ್ತೆ. ಅಪ್ಪನ ಹೆಸರಲ್ಲಿ ಸರಿಯಾಗಿದೆ, ನನ್ನದರಲ್ಲಿ ಬಿಟ್ಟಿದೀರಿ."

ಪ್ರಯೋಗಾಲಯದ ಮೂವತ್ತೊಂದು ವರ್ಷದಲ್ಲಿ ನಾನು ಒಂದು ಅಂಕಿಯನ್ನೂ ಬಿಟ್ಟವನಲ್ಲ. ಕಾಗದಕ್ಕೆ ಕೈಹಾಕಿದೆ. ಅವನು ಬಿಡಲಿಲ್ಲ. ತನ್ನ ಹೆಸರಿನ ನಡುವೆ ತಾನೇ ಆ ಅಕ್ಷರ ತೂರಿಸಿ, ಸ್ಪಷ್ಟವಾಗಿ ಕಾಣುವಂತೆ ಇನ್ನೊಮ್ಮೆ ತಿದ್ದಿ, ಕೆಳಗೆ ಸಹಿ ಹಾಕಿದ.